ನಳಿಗೆಯಲ್ಲಿ ಚಿಂದಿ ಇರಲಿಲ್ಲ

ನಾನು ಬಂದೂಕು ರಿಪೇರಿ ಮಾಡುತ್ತಿದ್ದವನು. ಎಸ್ಸೆಸ್ಸೆಲ್ಸಿ ಪಾಸಾಗಿ ಹಿರೋಳ್ಳಿಯಲ್ಲಿ ಅಪ್ಪನ ಜೊತೆ ಎರಡು ವರ್ಷ ತೊಗರಿ ಬಿತ್ತಿದೆ. ಆಮೇಲೆ ಕಾವಲು ದಳವೊಂದಕ್ಕೆ ಸೇರಿದೆ. ದಳದ ಹೆಸರು ಇಲ್ಲಿ ಬೇಡ. ತಪ್ಪು ಅದರದಲ್ಲ, ನನ್ನದು. ಜಿಲ್ಲಾ ಕೇಂದ್ರದಲ್ಲಿ ಶಸ್ತ್ರಗಳನ್ನು ಇಡುವ ಕೋಣೆಗೆ ನಾವು ಕೋತ್ ಎನ್ನುತ್ತಿದ್ದೆವು. ನನ್ನ ನೌಕರಿಯೆಲ್ಲ ಆ ಕೋಣೆಯಲ್ಲೇ ಮುಗಿಯಿತು. ಎಲ್ಲರೂ ನನ್ನನ್ನು ಮಿಸ್ತ್ರಿ ಎಂದೇ ಕರೆದರು. ಈಗ ಆಳಂದದಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದೇನೆ. ಕೈ ಸ್ವಲ್ಪ ನಡುಗುತ್ತದೆ. ಬರೆಯಲು ಬರುತ್ತದೆ.

ಕೋತಿನಲ್ಲಿ ಇದ್ದವೆಲ್ಲ ತ್ರೀ ನಾಟ್ ತ್ರೀ ರೈಫಲುಗಳು. ಬ್ರಿಟಿಷರ ಕಾಲದ ಯುದ್ಧಕ್ಕಾಗಿ ಮಾಡಿದವು, ನನಗಿಂತ ಹಿರಿಯವು. ಆಳಂದ, ಅಫಜಲಪುರ, ಜೇವರ್ಗಿಯ ಖಜಾನೆ ಕಾವಲಿಗೆ ಅವನ್ನೇ ಕೊಡುತ್ತಿದ್ದರು. ವರ್ಷಕ್ಕೆರಡು ಸಲ ನಾನು ಈ ಮೂರೂ ಕಡೆ ಹೋಗಿ ಅವನ್ನು ಬಿಚ್ಚಿ ನೋಡಿ ಬರುತ್ತಿದ್ದೆ.

ಹಳೆಯ ರೈಫಲ್ ಗುಂಡು ಹಾರಿಸಿ ಸವೆಯುತ್ತದೆ ಎಂದು ಜನ ತಿಳಿಯುತ್ತಾರೆ. ನಾನು ಕಂಡದ್ದು ಬೇರೆ. ನಮ್ಮ ರೈಫಲುಗಳು ಹಾರಿಸಿ ಸವೆದದ್ದಕ್ಕಿಂತ ಒರೆಸಿ ಸವೆದದ್ದೇ ಹೆಚ್ಚು. ನಳಿಗೆ ಸ್ವಚ್ಛ ಮಾಡಲು ಒಂದು ಹಗ್ಗವಿರುತ್ತದೆ. ಅದರ ಒಂದು ತುದಿಗೆ ಭಾರಕ್ಕೆ ಹಿತ್ತಾಳೆಯ ಗುಂಡು, ಇನ್ನೊಂದು ತುದಿಗೆ ಎಣ್ಣೆ ಹಚ್ಚಿದ ಬಟ್ಟೆಯ ತುಂಡು. ಆ ತುಂಡಿಗೆ ಚಿಂದಿ ಎನ್ನುತ್ತಾರೆ. ಹಗ್ಗವನ್ನು ಹಿಂದಿನಿಂದ ಇಳಿಬಿಟ್ಟು ಮುಂದಿನಿಂದ ಜಗ್ಗಬೇಕು. ನೇರವಾಗಿ ಜಗ್ಗುವವರು ಕಡಿಮೆ. ಓರೆಯಾಗಿ ಜಗ್ಗಿ ಜಗ್ಗಿ ಐವತ್ತು ವರ್ಷದಲ್ಲಿ ಆ ಹಗ್ಗ ಉಕ್ಕಿನ ಬಾಯಿಯನ್ನೇ ಒಂದು ಕಡೆ ತಿಂದಿರುತ್ತದೆ, ಬಾವಿಯ ದಂಡೆಯ ಕಲ್ಲಿನಲ್ಲಿ ಗೆರೆ ಬಿದ್ದ ಹಾಗೆ. ಕಾವಲಿನವರ ಅಂಗೈ ತಾಗುವ ಕಡೆ ಕಟ್ಟಿಗೆ ಕರ್ರಗೆ ನುಣುಪಾಗಿರುತ್ತದೆ. ಉಕ್ಕಿನ ಮೇಲೆ ಕೊರೆದ ನಂಬರೂ ಅಳಿಸಿ ಹೋಗಿರುತ್ತದೆ. ಅಫಜಲಪುರದವು ಭೀಮಾ ನದಿಯ ಕಡೆಯ ತಂಪಿಗೆ ಬೇಗ ತುಕ್ಕು ಹಿಡಿಯುತ್ತಿದ್ದವು, ಅಲ್ಲಿನವರು ಉಜ್ಜುವುದೂ ಹೆಚ್ಚು. ಜೇವರ್ಗಿಯವು ತುಕ್ಕಿಲ್ಲದೆ ಇದ್ದವು. ಆದರೆ ಅವುಗಳ ಬೋಲ್ಟುಗಳ ಮೇಲೆ ನಂಬರು ಬರೀ ನೆರಳಿನಷ್ಟು ಉಳಿದಿತ್ತು.

ಬೋಲ್ಟ್ ಎಂದರೆ ನಳಿಗೆಯ ಹಿಂದಿನ ಬಾಯಿ ಮುಚ್ಚುವ ಉಕ್ಕಿನ ಚಿಲಕ. ಎಲ್ಲವೂ ನೋಡಲು ಒಂದೇ ತರಹ, ಆದರೆ ಒಂದರ ಬೋಲ್ಟ್ ಇನ್ನೊಂದಕ್ಕೆ ಸಲ್ಲುವುದಿಲ್ಲ. ಅದನ್ನು ಮಾಡಿದಾಗಲೇ ಅದರದೇ ರೈಫಲಿಗೆ ಅರದಿಂದ ಉಜ್ಜಿ ಕೂಡಿಸಿ, ಎರಡಕ್ಕೂ ಒಂದೇ ನಂಬರು ಕೊರೆದಿರುತ್ತಾರೆ. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ನಳಿಗೆಗೂ ನಡುವೆ ಗುಂಡು, ಮದ್ದು ತುಂಬಿದ ತೋಟೆಯ ಬುಡದ ಅಂಚು ಕೂರುವಷ್ಟೇ ಸಂದಿ ಇರಬೇಕು. ಕೂದಲೆಳೆಯಷ್ಟು ಹೆಚ್ಚಾದರೂ ಗುಂಡು ಹಾರುವಾಗ ಹಿತ್ತಾಳೆಯ ತೋಟೆ ಹಿಂದಕ್ಕೆ ಎಳೆದುಕೊಂಡು ಬುಡದ ಹತ್ತಿರ ಹರಿಯುತ್ತದೆ. ಒಳಗಿನ ಬೆಂಕಿ ಹಿಂದಕ್ಕೆ, ಹಾರಿಸುವವನ ಮುಖಕ್ಕೆ ಬರುತ್ತದೆ. ಇದನ್ನು ನೋಡಲು ಗೇಜ್ ಎಂಬ ಉಕ್ಕಿನ ಬಿಲ್ಲೆ ಇದೆ. ಅದನ್ನು ಒಳಗಿಟ್ಟು ಬೋಲ್ಟ್ ಮುಚ್ಚಿ ನೋಡಬೇಕು. ಮುಚ್ಚದಿದ್ದರೆ ರೈಫಲ್ ಸರಿ ಇದೆ. ಮುಚ್ಚಿಕೊಂಡರೆ ಬದಿಗಿಡಬೇಕು. ಐದು ನಿಮಿಷದ ಕೆಲಸ.

ನಾನು ತಪ್ಪಿದ್ದು ಖಂಡೆ ಪೂಜೆಯ ದಿನ.

ಮಹಾನವಮಿಗೆ ನಮ್ಮಲ್ಲಿ ಶಸ್ತ್ರಗಳ ಪೂಜೆ ದೊಡ್ಡದಾಗಿ ನಡೆಯುತ್ತಿತ್ತು. ಮೂರೂ ಊರಿನಿಂದ ರೈಫಲುಗಳು ಕೋತ್‌ಗೆ ಬರುತ್ತಿದ್ದವು. ಅವತ್ತು ಹೆಂಗಸರು, ಮಕ್ಕಳು, ಹೊರಗಿನವರು ಎಲ್ಲ ಒಳಗೆ ಬರುತ್ತಾರೆಂದು ಬೋಲ್ಟುಗಳನ್ನು ತೆಗೆದು ಬೇರೆ ಇಡುವುದು ರೂಢಿ. ಬೋಲ್ಟ್ ಇಲ್ಲದ ರೈಫಲ್ ಬರೀ ಕೋಲು. ಬೋಲ್ಟುಗಳನ್ನು ಬಿಳಿ ಬಟ್ಟೆ ಹಾಸಿ, ಕಳಸದ ಸುತ್ತ ಹೂವಿನ ಎಸಳಿನಂತೆ ಜೋಡಿಸಿ, ಒಂದೊಂದಕ್ಕೂ ಮೂರು ಬೆರಳು ವಿಭೂತಿ ಎಳೆದು, ಚೆಂಡು ಹೂವು ಇಡುತ್ತಿದ್ದರು. ನಾನು ಪ್ರತಿ ವರ್ಷ ಒಂದೊಂದು ಬೋಲ್ಟಿಗೂ ನಂಬರು ಬರೆದ ಚೀಟಿ ಅಂಟಿಸುತ್ತಿದ್ದೆ. ಆ ವರ್ಷ ಹೊಸದಾಗಿ ಬಂದ ಹವಾಲ್ದಾರ ಅದನ್ನು ನೋಡಿ ನಕ್ಕ.

“ಮಿಸ್ತ್ರಿ, ಮೈ ತುಂಬ ಚೀಟಿ ಅಂಟಿಸಿಗೊಂಡ ದೇವ್ರನ್ನ ಎಲ್ಲ್ಯಾರ ನೋಡೀರೇನು? ಇದು ಪೂಜಿನೋ, ಕಿರಾಣಿ ಅಂಗಡಿನೋ?”

“ಆಮ್ಯಾಲೆ ಯಾವ್ದು ಯಾರ್ದು ಅಂತ ಗೊತ್ತಾಗಂಗಿಲ್ರಿ” ಎಂದೆ.

“ಗೊತ್ತಾಗ್ಲಿಕ್ಕೇ ನಿಮಗ ಪಗಾರ ಕೊಡಾಕತ್ತಾರ. ತಗೀರಿ ಅವ್ನ.”

ಎಲ್ಲರೂ ನಕ್ಕರು. ನಾನೂ ನಕ್ಕು ಚೀಟಿ ಕಿತ್ತೆ. ಪೂಜೆಯಾಯಿತು. ತೆಂಗಿನಕಾಯಿ ಒಡೆದಾಗ ನೀರು ಬಟ್ಟೆಯ ಮೇಲೆಲ್ಲ ಹರಿಯಿತು. ನೀರು ಕುಡಿದ ಉಕ್ಕಿಗೆ ಒಂದು ತಾಸಿನಲ್ಲಿ ತುಕ್ಕು ಬರುತ್ತದೆ. ಇಬ್ಬರು ಬೋಲ್ಟುಗಳನ್ನು ಬಾಚಿ ಬುಟ್ಟಿಗೆ ಹಾಕಿ ನನ್ನ ಮೇಜಿನ ಮೇಲೆ ತಂದಿಟ್ಟರು. ನಾನು ಒರೆಸಿ, ಎಣ್ಣೆ ಹಚ್ಚಿ, ನಂಬರು ಓದಿ ಒಂದೊಂದೇ ಕೂಡಿಸುತ್ತ ಹೋದೆ. ಕೊನೆಗೆ ಜೇವರ್ಗಿಯ ಎರಡು ರೈಫಲುಗಳು ಮತ್ತು ಎರಡು ಬೋಲ್ಟುಗಳು ಉಳಿದವು. ಎರಡರ ಮೇಲೂ ನಂಬರು ಓದಲು ಬರಲಿಲ್ಲ. ವಿಭೂತಿ ಹಚ್ಚಿ ಉಜ್ಜಿ ನೋಡಿದೆ, ಕೊರೆದ ಕಡೆ ಬೆಳ್ಳಗೆ ತುಂಬಿಕೊಳ್ಳುತ್ತದೆಂದು. ಏನೂ ತುಂಬಿಕೊಳ್ಳಲಿಲ್ಲ.

ಎರಡನ್ನೂ ಕೂಡಿಸಿದೆ. ಎರಡೂ ಮುಚ್ಚಿದವು. ಒಂದು ಬಿಗಿಯಾಗಿ, ಇನ್ನೊಂದು ತೀರ ಸಲೀಸಾಗಿ. ಗೇಜ್ ಪೆಟ್ಟಿಗೆ ನನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಆಳಂದಕ್ಕೆ ಹೋಗುವ ಬಸ್ಸಿಗೆ ಹೊತ್ತಾಗಿತ್ತು. ಮನೆಯಲ್ಲಿ ಹೋಳಿಗೆ ಮಾಡಿಕೊಂಡು ಕಾಯುತ್ತಿದ್ದರು. ರಿಜಿಸ್ಟರಿನಲ್ಲಿ ಎಲ್ಲ ನಂಬರುಗಳ ಮುಂದೆ “ಗೇಜ್ ಹಾಕಿ ನೋಡಿದೆ, ಸರಿ ಇದೆ” ಎಂದು ಬರೆದು ಸಹಿ ಮಾಡಿದೆ. ಮರುದಿನ ಊರಲ್ಲಿ ಎಲ್ಲರಿಗೂ ಬನ್ನಿ ಕೊಟ್ಟೆ. ಆ ಎರಡು ಬೋಲ್ಟುಗಳು ಮನಸ್ಸಿನಲ್ಲಿ ಇರಲೇ ಇಲ್ಲ.

ಒಂದು ತಿಂಗಳಾದ ಮೇಲೆ ಚಾಂದ್‌ಮಾರಿ ಇತ್ತು, ಅಂದರೆ ವರ್ಷದ ಗುರಿ ಹೊಡೆಯುವ ಅಭ್ಯಾಸ. ಊರ ಹೊರಗಿನ ಗುಡ್ಡದ ಬುಡದಲ್ಲಿ ನಡೆಯುತ್ತಿತ್ತು. ಬೆಳಿಗ್ಗೆ ಐದು ಗುಂಡು, ಆಮೇಲೆ ಚಹಾ, ಮತ್ತೆ ಐದು ಗುಂಡು. ಸಲೀಸಾಗಿ ಮುಚ್ಚುತ್ತಿದ್ದ ಆ ರೈಫಲ್ ಜೇವರ್ಗಿ ಕಾವಲಿನ ಒಬ್ಬ ಜವಾನನ ಕೈಯಲ್ಲಿತ್ತು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಮದುವೆಯಾಗಿ ವರ್ಷವಾಗಿರಲಿಲ್ಲ. ದಳದಲ್ಲಿ ಎಲ್ಲರಿಗಿಂತ ಒಳ್ಳೆಯ ಗುರಿಕಾರ ಅವನೇ.

ಮೊದಲ ಸರದಿ ಮುಗಿದ ಮೇಲೆ ಖಾಲಿ ತೋಟೆಗಳನ್ನು ಆರಿಸುವುದು ನನ್ನ ಕೆಲಸ. ಅವಕ್ಕೆ ಖೋಕಾ ಎನ್ನುತ್ತಾರೆ. ಅವನು ಮಲಗಿ ಗುರಿ ಹೊಡೆದ ಜಾಗದಲ್ಲಿ ಐದು ಖೋಕಾ ಬಿದ್ದಿದ್ದವು. ಒಂದನ್ನು ಎತ್ತಿ ಬಿಸಿಲಿಗೆ ಹಿಡಿದೆ. ಬುಡದಿಂದ ಅರ್ಧ ಬೆರಳು ಮೇಲೆ, ಸುತ್ತಲೂ ಒಂದು ಹೊಳೆಯುವ ಗೆರೆ, ಉಂಗುರದ ಹಾಗೆ. ಉಳಿದ ನಾಲ್ಕರ ಮೇಲೂ ಅದೇ ಉಂಗುರ. ತೋಟೆ ಎಳೆದುಕೊಂಡು ತೆಳ್ಳಗಾದ ಗುರುತು ಅದು. ಹೆಬ್ಬೆರಳಿನ ಉಗುರು ಆಡಿಸಿದೆ. ತಗ್ಗು ಉಗುರಿಗೆ ಹತ್ತಿತು. ಏನಾಗಿದೆ ಎಂದು ಆ ಕ್ಷಣವೇ ಗೊತ್ತಾಯಿತು. ಖೋಕಾಗಳನ್ನು ಚೀಲಕ್ಕೆ ಹಾಕಿದೆ.

ಚಹಾ ಬಂತು. ಅವನು ಚಹಾಕ್ಕಿಂತ ಮೊದಲು ನಳಿಗೆಗೆ ಚಿಂದಿ ಜಗ್ಗಿದ. ಎರಡು ಸರದಿಯ ನಡುವೆ ಜಗ್ಗಬೇಕೆಂಬುದು ನಿಯಮ, ಎಲ್ಲರೂ ಪಾಲಿಸುತ್ತಿರಲಿಲ್ಲ. ಜಗ್ಗಿ, ಬೋಲ್ಟ್ ತೆಗೆದ ರೈಫಲನ್ನು ನನ್ನ ಹತ್ತಿರ ತಂದ.

“ಮಿಸ್ತ್ರಿ ಸಾಹೇಬ್ರ, ನೋಡ್ರಿ, ಸಾಫ್ ಆಗ್ಯಾದೇನು?”

ನಳಿಗೆಯ ಹಿಂದೆ ಹೆಬ್ಬೆರಳಿನ ಉಗುರು ಓರೆಯಾಗಿ ಹಿಡಿದರೆ ಉಗುರಿನ ಮೇಲೆ ಬೆಳಕು ಬಿದ್ದು ಒಳಗೆಲ್ಲ ಕಾಣುತ್ತದೆ. ಹಾಗೆ ಹಿಡಿದು ಮುಂದಿನಿಂದ ನೋಡಿದೆ. ಒಳಗೆ ಏನೂ ಇರಲಿಲ್ಲ. ಬೆಳಕು ದುಂಡಗೆ ಕಂಡಿತು. ಉಕ್ಕಿನಲ್ಲಿ ಸುತ್ತಿಕೊಂಡು ಹೋಗುವಂತೆ ಕೊರೆದ ಗೆರೆಗಳು ಒಂದೊಂದೂ ಕಂಡವು.

“ಸಾಫ್ ಅದ” ಎಂದೆ.

“ಈ ಸಲ ಭಾರಿ ಮಾಡೀರಿ ನೋಡ್ರಿ. ಬೋಲ್ಟ್ ಬೆಣ್ಣಿ ಹಂಗ ಮುಚ್ಚಾಕತ್ತದ. ಮದ್ಲ ಬಡದಾಡಿ ಮುಚ್ಚತಿದ್ದೆ” ಎಂದ ಅವನು. ಪಕ್ಕದಲ್ಲಿದ್ದ ಅಫಜಲಪುರದವನು, “ನಿನಗ ಹೇಂತಿ ಬಂದ ಮ್ಯಾಲೆ ಎಲ್ಲಾ ಬೆಣ್ಣಿನ ಆಗ್ಯಾದ ಬಿಡಲೇ” ಎಂದು ಕಾಲೆಳೆದ. ಅವನು ನಾಚಿ ನಕ್ಕ.

ರೈಫಲ್ ನನ್ನ ಕೈಯಲ್ಲೇ ಇತ್ತು. ಇದು ಬೇಡ, ಬದಿಗಿಡು ಎಂದರೆ ಸಾಕಿತ್ತು. ಯಾಕೆ ಎಂದು ಚಾಂದ್‌ಮಾರಿ ನಡೆಸುತ್ತಿದ್ದ ಸಾಹೇಬರು ಕೇಳುತ್ತಿದ್ದರು. ಗೇಜ್ ಹಾಕದೆ ಹಾಕಿದೆ ಎಂದು ಬರೆದದ್ದು ಹೊರಗೆ ಬರುತ್ತಿತ್ತು. ಐದು ಗುಂಡು ಹಾರಿದೆ, ಇನ್ನೈದು ಹಾರುತ್ತದೆ, ಸಂಜೆ ಕೋತ್‌ಗೆ ತಂದು ಬೋಲ್ಟ್ ಬದಲಿಸಿದರಾಯಿತು ಎಂದು ಲೆಕ್ಕ ಹಾಕಿದೆ. ಅವನಿಗೆ ರೈಫಲ್ ವಾಪಸ್ ಕೊಟ್ಟೆ. ಚಹಾ ಕುಡಿದೆ. ಬೆಲ್ಲದ ಚಹಾ, ಶುಂಠಿ ಹೆಚ್ಚಾಗಿತ್ತು. ಅದು ಇನ್ನೂ ನೆನಪಿದೆ.

ಎರಡನೇ ಸರದಿಯ ಮೊದಲ ಗುಂಡಿಗೇ ತೋಟೆ ಹರಿಯಿತು. ಶಬ್ದವೇನೂ ದೊಡ್ಡದಾಗಿರಲಿಲ್ಲ, ಉಳಿದವುಗಳ ನಡುವೆ ಗೊತ್ತೂ ಆಗಲಿಲ್ಲ. ಅವನು ರೈಫಲ್ ಬಿಟ್ಟು ಎದ್ದು ಕೂತ. ಬಲಗಣ್ಣಿನ ಮೇಲೆ ಕೈ ಇಟ್ಟುಕೊಂಡಿದ್ದ. ಬೆರಳುಗಳ ಸಂದಿಯಿಂದ ರಕ್ತ ಬರುತ್ತಿತ್ತು. ಅವನನ್ನು ಜೀಪಿಗೆ ಹಾಕಿದರು. ನಾನು ರೈಫಲ್ ಎತ್ತಿಕೊಂಡೆ, ಅದು ನನ್ನ ಕೆಲಸವಾದ್ದರಿಂದ. ಕೋತ್‌ಗೆ ಬಂದು ಬಾಗಿಲು ಹಾಕಿ ಬೋಲ್ಟ್ ತೆಗೆದೆ. ಮಸಿ ಒರೆಸಿದೆ. ಪೂಜೆಯ ದಿನ ಅದರ ಜೊತೆ ಉಳಿದಿದ್ದ ರೈಫಲಿನ ಬೋಲ್ಟ್ ತಂದು ಅದಲು ಬದಲು ಮಾಡಿದೆ. ಈ ಸಲ ಗೇಜ್ ಹಾಕಿ ನೋಡಿದೆ. ಎರಡೂ ಸರಿ ಇದ್ದವು. ಅಂದರೆ ಆ ರೈಫಲಿನಲ್ಲಿ ಯಾವ ದೋಷವೂ ಇರಲಿಲ್ಲ. ಅಷ್ಟು ವರ್ಷ ಸವೆದರೂ ಅದು ತನ್ನ ಬೋಲ್ಟಿನ ಜೊತೆ ಸರಿಯಾಗಿಯೇ ಇತ್ತು.

ವಿಚಾರಣೆಗೆ ಬಂದ ಅಧಿಕಾರಿ ರೈಫಲ್ ನೋಡಿದ. ಬೋಲ್ಟ್ ಸರಿ, ಗೇಜ್ ಸರಿ, ರಿಜಿಸ್ಟರ್ ಸರಿ.

“ಹಂಗಿದ್ರ ಒಳಗ ಚಿಂದಿ ಉಳದಿರಬೇಕು. ನಳಿಗಿ ಕಟ್ಟಿ ಗ್ಯಾಸ್ ಹಿಂದ ಬಂದದ. ಇತ್ತೇನು ಮಿಸ್ತ್ರಿ?”

ಹೌದೆಂದು ತಲೆ ಆಡಿಸಿದೆ. ಅವನು “ಚಿಂದಿಯ ತುಂಡು ಇದ್ದುದಾಗಿ ಮಿಸ್ತ್ರಿ ತಿಳಿಸಿದ್ದಾರೆ” ಎಂದು ಬರೆದ. ಅದರ ಕೆಳಗೆ ಸಹಿ ಮಾಡಿದೆ.

ಒಮ್ಮೆ ಆಸ್ಪತ್ರೆಗೆ ಹೋದೆ. ಅವನ ಅರ್ಧ ಮುಖಕ್ಕೆ ಪಟ್ಟಿ ಕಟ್ಟಿದ್ದರು. ಹೆಂಡತಿ ಮಂಚದ ಪಕ್ಕ ನೆಲದ ಮೇಲೆ ಕೂತು ಮೋಸಂಬಿ ಸುಲಿಯುತ್ತಿದ್ದಳು.

“ಮಿಸ್ತ್ರಿ ಸಾಹೇಬ್ರ, ನಾ ಚಿಂದಿ ಜಗ್ಗಿದ್ದೆ ಅಂತ ನನಗ ನೆನಪದ. ಜಗ್ಗಿ ನಿಮಗ ತೋರ್ಸಿದ್ದೆ ಅನಸ್ತದ. ತೋರ್ಸಿದ್ನೇನ್ರಿ?”

“ನೆನಪಿಲ್ಲಪಾ ತಮ್ಮಾ” ಎಂದೆ.

ಅವನು ಹೆಂಡತಿಯ ಕೈಯಿಂದ ಮೋಸಂಬಿಯ ತೊಳೆ ತೆಗೆದುಕೊಂಡ. “ಹಂಗಾರ ತೋರ್ಸಿಲ್ಲ ಬಿಡ್ರಿ. ಮರತಿರಬೇಕು” ಎಂದ.

ಅವನ ಕಣ್ಣು ಹೋಯಿತು. ನಿರ್ಲಕ್ಷ್ಯ ಎಂದು ಸರ್ವಿಸ್ ಪುಸ್ತಕದಲ್ಲಿ ಬರೆದರು. ಅವನಿಗೆ ಮತ್ತೆ ರೈಫಲ್ ಕೊಡಲಿಲ್ಲ. ಕಾಗದ ಪತ್ರ ಮುಟ್ಟಿಸುವ ಕೆಲಸ ಕೊಟ್ಟರು, ಅದರಲ್ಲೇ ನಿವೃತ್ತನಾದ. ಹೊಸಬರು ಸೇರಿದಾಗಲೆಲ್ಲ ಹವಾಲ್ದಾರರು ಅವನನ್ನು ಕರೆದು ನಿಲ್ಲಿಸಿ, ಚಿಂದಿ ಮರೆತರೆ ಏನಾಗುತ್ತದೆ ನೋಡಿರಿ ಎಂದು ತೋರಿಸುತ್ತಿದ್ದರು. ಅವನೂ ಬಂದು ನಿಲ್ಲುತ್ತಿದ್ದ. “ಎರಡ್ ಸಲ ನೋಡ್ರಪಾ, ಮೂರ್ ಸಲ ನೋಡ್ರಿ, ನನ್ನಂಗ ಆಗಬ್ಯಾಡ್ರಿ” ಎನ್ನುತ್ತಿದ್ದ. ಆ ಹೊತ್ತಿಗೆ ನಾನು ಮೇಜಿನ ಮೇಲೆ ತಲೆ ಬಗ್ಗಿಸಿ ಏನಾದರೂ ಉಜ್ಜುತ್ತಿರುತ್ತಿದ್ದೆ. ದುಃಖವಾಗುತ್ತಿತ್ತೇ ಎಂದರೆ ಇಲ್ಲ. ಏನೂ ಆಗುತ್ತಿರಲಿಲ್ಲ. ಅವನಿಗಿಂತ ಮೊದಲು ನಾನು ನಿವೃತ್ತನಾದೆ. ಒಟ್ಟು ಮೂವತ್ತು ವರ್ಷದ ಹತ್ತಿರ ಹೋಯಿತು.

ಕಳೆದ ಶ್ರಾವಣದಲ್ಲಿ ಜಿಡಗಾ ಮಠಕ್ಕೆ ಹೋಗಿದ್ದೆ. ಪ್ರಸಾದದ ಸಾಲಿನಲ್ಲಿ ಅವನು ಮತ್ತು ಅವನ ಹೆಂಡತಿ ಸಿಕ್ಕರು. ಕರಿ ಕನ್ನಡಕ ಹಾಕಿದ್ದ. ನನ್ನ ಕಾಲು ಮುಟ್ಟಲು ಬಂದ. ಬೇಡವೆಂದೆ. ಮಾತನಾಡುತ್ತಿದ್ದಾಗ ಅವನ ಕೈ ಅಂಗಿಯ ಜೇಬಿಗೆ ಹೋಗಿ ಏನನ್ನೋ ಮುಟ್ಟಿ ನೋಡಿತು. ಸ್ವಲ್ಪ ಹೊತ್ತಿಗೆ ಮತ್ತೆ. ಮತ್ತೆ.

ಹೆಂಡತಿ ನಕ್ಕಳು. “ಮನಿ ಕೀಲಿರಿ ಅಣ್ಣಾರ. ಬಸ್ಸಿನ್ಯಾಗ ಕುಂತಾಗಿಂದ ಹತ್ತ್ ಸಲ ನೋಡ್ಯಾರ. ಗ್ಯಾಸ್ ಆರಿಸಿದ್ರೂ ಮೂರ್ ಸಲ, ನಳ ಬಂದ್ ಮಾಡಿದ್ರೂ ಮೂರ್ ಸಲ. ಅವತ್ತ ಒಂದ್ ಸಲ ಚಿಂದಿ ಮರತ್ರಲ್ಲ, ಅವತ್ತಿನಿಂದ ತಮ್ಮ ಕೈ ಮ್ಯಾಲೆ ತಮಗ ನಂಬಿಕಿಲ್ಲ.”

“ಮರತದ್ದು ಖರೇನ ಅಲ್ಲೇನ” ಎಂದ ಅವನು.

ಪ್ರಸಾದ ಊಟ ಮಾಡಿ ಆಳಂದಕ್ಕೆ ಬಂದೆ. ಕಣ್ಣು ಹೋದದ್ದು ನನಗೆ ಮೊದಲಿನಿಂದ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಒಂದು ವಾರ ಏನೂ ಮಾಡಲಿಲ್ಲ. ಎಂಟನೇ ದಿನ ಜೇವರ್ಗಿಗೆ, ಅವನ ಮನೆಗೆ ಹೋದೆ.

ಮನೆಯ ಮುಂದೆ ಶಹಾಬಾದಿ ಕಲ್ಲಿನ ಕಟ್ಟೆ. ಅಲ್ಲಿ ಕೂರಿಸಿದ. ಹೆಂಡತಿ ಚಹಾ ಕೊಟ್ಟು ಒಳಗೆ ಹೋದಳು. ಅರ್ಧ ಕಪ್ಪು ಕುಡಿಯುವವರೆಗೆ ತೊಗರಿಯ ಮಾತು, ಮಳೆಯ ಮಾತು ಆಯಿತು. ಆಮೇಲೆ ಹೇಳಿದೆ. ಪೂಜೆ, ಚೀಟಿ, ಗೇಜ್, ಬಸ್ಸು, ಉಂಗುರ, ಎಲ್ಲ. ರಿಜಿಸ್ಟರ್ ಓದಿದ ಹಾಗೆ ಹೇಳಿದೆ. ಅವನು ಮುಗಿದ ಮೇಲೆ ಕೇಳಿದ.

“ಬೆಣ್ಣಿ ಹಂಗ ಮುಚ್ಚತಿತ್ತಲ್ರಿ. ಅದು ಅದಕ್ಕೇನು?”

“ಅದಕ್ಕ.”

“ಚಾ ಕುಡಿಯಾಗ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ನಾ ನಳಿಗಿ ತೋರ್ಸಿದ್ನೇನ್ರಿ?”

“ತೋರಿಸಿದ್ದಿ. ನಾ ನೋಡಿದ್ದೆ. ಸಾಫ್ ಇತ್ತು.”

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಬಹಳ ಹೊತ್ತು ಒರೆಸಿದ. ಆಮೇಲೆ ಒಳಗೆ ಮುಖ ಮಾಡಿ ಕೂಗಿದ. “ಏ, ಬಾ ಬೇ ಇಲ್ಲಿ. ಮಿಸ್ತ್ರಿ ಸಾಹೇಬ್ರು ಏನೋ ಹೇಳಾಕತ್ತಾರ, ಕೇಳು.” ನನಗೆ, “ಇನ್ನೊಮ್ಮಿ ಹೇಳ್ರಿ. ಮದ್ಲಿಂದ ಹೇಳ್ರಿ” ಎಂದ.

ಮೊದಲಿನಿಂದ ಹೇಳಿದೆ. ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು. ಬೈಯಲಿಲ್ಲ, ಅಳಲಿಲ್ಲ. “ಅವತ್ತ ದವಾಖಾನ್ಯಾಗ ನಾನೂ ಇದ್ದೆ” ಎಂದಳು. “ನೆನಪಿಲ್ಲ ಅಂದ್ರಿ. ನಿಮ್ಮ ಮಾತು ಕೇಳಿ ಮೂವತ್ತು ವರ್ಷ ನಾ ಇವ್ರಿಗಿ ಮರೆಗುಳಿ ಅಂದೆ.” ಆಮೇಲೆ ನನ್ನ ಮುಂದಿದ್ದ ಚಹಾದ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದಳು. ಅದರಲ್ಲಿ ಇನ್ನೂ ಅರ್ಧ ಇತ್ತು.

ಕೈ ಮುಗಿದು ಕ್ಷಮಿಸು ಎಂದೆ.

“ನನಗ ಹೇಳಿದ್ರ ಏನಾತ್ರಿ” ಎಂದ. “ಎಷ್ಟು ಮಂದಿ ಹುಡುಗ್ರ ಮುಂದ ನಿಂತು ನಾ ಚಿಂದಿ ಮರತೀನಿ ಅಂತ ಹೇಳೀನಿ. ಅವ್ರಿಗೆಲ್ಲ ಹೋಗಿ ನೀವು ಹೇಳಾಕ ಆಗ್ತದೇನು? ಬರೀರಿ. ನಾಲ್ಕು ಮಂದಿ ಓದೂ ಹಂಗ ಬರೀರಿ. ನನ್ನ ಹೆಸರು ಹಾಕಬ್ಯಾಡ್ರಿ. ಸಾಹೇಬ್ರದೂ ಬ್ಯಾಡ, ಹವಾಲ್ದಾರಂದೂ ಬ್ಯಾಡ. ಚಿಂದಿ ಇರಲಿಲ್ಲ ಅಂತ ಬರೀರಿ. ಕಾವಲಿನ್ಯಾಗ ಇದ್ದವ್ರಿಗಿ ಯಾರದು ಅಂತ ತಾನ ಗೊತ್ತಾಗ್ತದ.”

ಬಸ್ ಸ್ಟ್ಯಾಂಡಿನವರೆಗೆ ಬಂದ. ಹೊರಡುವಾಗ ಗೇಟಿನ ಚಿಲಕ ಹಾಕಿದ. ಎರಡು ಹೆಜ್ಜೆ ಬಂದು ತಿರುಗಿ ಹೋಗಿ ಚಿಲಕ ಮುಟ್ಟಿ ನೋಡಿದ. ಮತ್ತೆ ನಾಲ್ಕು ಹೆಜ್ಜೆ ಬಂದು ನಿಂತ. ಮೂರನೇ ಸಲ ಹೋಗಿ ನೋಡಿ ಬಂದ. ನಾನು ರಸ್ತೆಯಲ್ಲಿ ನಿಂತು ಕಾದೆ. ಇಬ್ಬರೂ ಸ್ಟ್ಯಾಂಡಿಗೆ ನಡೆದೆವು. ಬಸ್ಸು ಬಂತು.

ಬರೆಯಲು ಎರಡು ತಿಂಗಳು ಹಿಡಿಯಿತು. ಇದನ್ನು ಓದುವವರಲ್ಲಿ ಆ ಕಾಲದಲ್ಲಿ ದಳಕ್ಕೆ ಸೇರಿದವರು ಯಾರಾದರೂ ಇದ್ದರೆ, ನಿಮ್ಮ ಮುಂದೆ ಒಂದೇ ಕಣ್ಣಿನ ಜವಾನನೊಬ್ಬನನ್ನು ನಿಲ್ಲಿಸಿ ನಿಮಗೆ ಹೇಳಿದ್ದು ಸುಳ್ಳು. ಅವನು ಚಿಂದಿ ಜಗ್ಗಿದ್ದ. ಜಗ್ಗಿ ನನ್ನ ಹತ್ತಿರ ತಂದು ತೋರಿಸಿದ್ದ. ನಾನು ಉಗುರು ಹಿಡಿದು ನೋಡಿದ್ದೆ. ನಳಿಗೆ ಖಾಲಿ ಇತ್ತು, ಆ ತುದಿಯ ಬೆಳಕು ದುಂಡಗೆ ಕಾಣುತ್ತಿತ್ತು.